ಅಕ್ಕನ ಹುಡುಗ, ಐದು ಕಾಗದ, ಒಂದು ಕರಾರುಪತ್ರ

ಸುಳ್ಳು ಜೋಡಿಯ ಕಥೆ ನಿಲ್ಲುವುದು ಕಾರಣದ ಮೇಲೆ. ಪ್ರೀತಿಸದ ಇಬ್ಬರು ಊರೆದುರು ಪ್ರೇಮಿಗಳ ಹಾಗೆ ಓಡಾಡಬೇಕಾದರೆ, ನಿಜ ಹೇಳುವುದಕ್ಕಿಂತ ನಾಟಕವೇ ವಾಸಿ ಅನ್ನುವಂಥ ಇಕ್ಕಟ್ಟು ಇಬ್ಬರಿಗೂ ಇರಬೇಕು. ಒಬ್ಬರಿಗೆ ಮಾತ್ರ ಇದ್ದರೆ ಇನ್ನೊಬ್ಬರು ಉಪಕಾರ ಮಾಡಿದಂತಾಗಿ ಐವತ್ತು ಪುಟಕ್ಕೇ ಕಥೆ ಸಪ್ಪೆ. ಜೆನ್ನಿ ಹಾನ್ ಅವರ ‘ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್’ (2014) ಈ ವಿಷಯದಲ್ಲಿ ಗಟ್ಟಿ. ಪಿಯುಸಿ ವಯಸ್ಸಿನವರು ಇಂಗ್ಲಿಷ್ ಕಾದಂಬರಿ ಯಾವುದರಿಂದ ಶುರು ಮಾಡಲಿ ಎಂದು ಕೇಳಿದರೆ ಧೈರ್ಯವಾಗಿ ಕೊಡಬಹುದು. ತಕರಾರುಗಳೂ ಇವೆ, ಅವು ಆಮೇಲೆ.

ಅಮೆರಿಕದ ವರ್ಜೀನಿಯಾದಲ್ಲಿ ಹೈಸ್ಕೂಲು ಓದುವ ಹದಿನಾರರ ಲಾರಾ ಜೀನ್ ಕೋವಿ. ಕೊರಿಯನ್ ಮೂಲದ ತಾಯಿ ತೀರಿಕೊಂಡಿದ್ದಾರೆ, ಅಪ್ಪ ಹೆರಿಗೆ ಡಾಕ್ಟರು. ಅಕ್ಕ ಮಾರ್ಗೊ, ತಂಗಿ ಕಿಟ್ಟಿ. ಯಾರ ಮೇಲಾದರೂ ಮನಸ್ಸಾದರೆ ಈ ಹುಡುಗಿ ಅವನಿಗೊಂದು ಕಾಗದ ಬರೆದು, ವಿಳಾಸವನ್ನೂ ಹಾಕಿ, ಟೋಪಿ ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ. ಅಂಚೆಗೆ ಹಾಕುವುದಿಲ್ಲ, ಬರೆದಾಯಿತು, ಅಲ್ಲಿಗೆ ಮುಗಿಯಿತು ಎಂಬ ಲೆಕ್ಕ. ಒಂದು ದಿನ ಐದೂ ಕಾಗದ ಅಂಚೆಗೆ ಬಿದ್ದಿರುತ್ತವೆ. ಐವರಲ್ಲಿ ಒಬ್ಬ ಜಾಶ್. ಪಕ್ಕದ ಮನೆಯವನು, ಮೊನ್ನೆ ಮೊನ್ನೆಯವರೆಗೆ ಅಕ್ಕನ ಹುಡುಗ. ಸ್ಕಾಟ್ಲೆಂಡಿಗೆ ಓದಲು ಹೊರಟ ಮಾರ್ಗೊ ಅವನನ್ನು ಬಿಟ್ಟು ಹೋಗಿದ್ದಾಳೆ. ಜಾಶ್ ಎದುರು ಬರುವುದನ್ನು ಕಂಡು ಲಾರಾ ಜೀನ್ ಗಾಬರಿಯಲ್ಲಿ ಪಕ್ಕದಲ್ಲಿದ್ದ ಪೀಟರ್ ಕವಿನ್‌ಸ್ಕಿಗೆ ಮುತ್ತಿಟ್ಟುಬಿಡುತ್ತಾಳೆ. ಪೀಟರ್‌ಗೂ ಕಾಗದ ತಲುಪಿದೆ, ಅವನನ್ನು ಬಿಟ್ಟ ಜೆನೆವೀವ್‌ಳ ಹೊಟ್ಟೆ ಉರಿಸುವುದು ಅವನ ಗರಜು. ಇಬ್ಬರ ಇಕ್ಕಟ್ಟೂ ತೂಕಕ್ಕೆ ತೂಕ ಕೂಡಿಬಂದು ಕರಾರು ಏರ್ಪಡುತ್ತದೆ.

ಈ ಬಗೆಯ ಕಥೆಗಳಲ್ಲಿ ಕರಾರು ಬಹುಮುಖ್ಯ ಭಾಗ. ಬಾಯಿಮಾತಿನ ಒಪ್ಪಂದವಾದರೆ ಮುರಿದಾಗ ಓದುಗರಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಕಾಗದದ ಮೇಲೆ ಷರತ್ತುಗಳಿವೆ. ಅದರಲ್ಲೊಂದು, ಪೀಟರ್ ದಿನಕ್ಕೊಂದು ಚೀಟಿ ಬರೆದುಕೊಡಬೇಕು. ಸಣ್ಣ ಷರತ್ತು, ಆದರೆ ಕಾದಂಬರಿಯ ಅರ್ಧ ಕೆಲಸ ಇದೇ ಮಾಡುತ್ತದೆ. ಮೊದಮೊದಲ ಚೀಟಿ ಕರಾರಿಗಾಗಿ ಬರುತ್ತದೆ. ಯಾವ ಚೀಟಿಯಿಂದ ಅದು ಕರಾರಿನದಲ್ಲ ಎಂದು ಲೇಖಕಿ ಎಲ್ಲೂ ಗೆರೆ ಎಳೆದು ತೋರಿಸುವುದಿಲ್ಲ. ಓದುಗರೇ ಹಿಂದಿನ ಪುಟ ತಿರುವಿ ನೋಡಬೇಕು. ಕಾಗದ ಬರೆದು ಬಚ್ಚಿಡುವವಳ ಕೈಗೆ ಪ್ರತಿದಿನ ಕಾಗದ ಬರುವಂತೆ ಮಾಡಿದ್ದು ಜಾಣತನ. ಎದುರಿಗಿಲ್ಲದವರನ್ನು ಪ್ರೀತಿಸುವುದು ಇವಳಿಗೆ ಸಲೀಸು, ಎದುರಿಗಿದ್ದವನೇ ಕಷ್ಟ.

ಎರಡನೇ ಭಾಗ ಸಾಕ್ಷಿಗಳು. ನೋಡುವವರಿಲ್ಲದೆ ನಟನೆಗೆ ಅರ್ಥವಿಲ್ಲ. ಅಲ್ಲಿ ನೋಡಬೇಕಾದವರು ಸ್ಕೂಲಿನವರು. ಮನೆಯವರಿಗೆ ಗೊತ್ತಾದರೂ ಅಡ್ಡಿಯಿಲ್ಲ, ಅಪ್ಪ ಪೀಟರ್‌ನನ್ನು ಒಳಗೆ ಕರೆದು ಮಾತಾಡಿಸುತ್ತಾರೆ. ಮಲೆನಾಡಿನ ಓದುಗರಿಗೆ ಮೊದಲ ಎಡವು ಇಲ್ಲೇ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಇಬ್ಬರು ಒಟ್ಟಿಗೆ ಗೋಲ್‌ಗಪ್ಪ ತಿಂದರೆ ಸುದ್ದಿ ಕಾಲೇಜಿಗಿಂತ ಮೊದಲು ಅಡಿಕೆ ಮಂಡಿಯಲ್ಲಿ ಕೂತ ಅಪ್ಪನಿಗೆ ತಲುಪುತ್ತದೆ, ಬಸ್ಸಿನ ಕಂಡಕ್ಟರೇ ಸಾಕು. ಇಲ್ಲಿ ಈ ಕರಾರು ಒಂದು ವಾರ ಬಾಳಿದರೆ ಹೆಚ್ಚು. ಹಾಗಾಗಿ ‘ಇದರಲ್ಲಿ ಭಯ ಎಲ್ಲಿದೆ’ ಅನ್ನಿಸುವುದು ಸಹಜ.

ಭಯ ಇರುವುದು ಅಕ್ಕನ ಬಗ್ಗೆ. ಇದನ್ನು ಹಿಡಿದರೆ ಪುಸ್ತಕ ತಟ್ಟನೆ ನಮ್ಮ ಮನೆಯದಾಗುತ್ತದೆ. ತಾಯಿಯಿಲ್ಲದ ಮನೆ ನಡೆಸಿದವಳು ಮಾರ್ಗೊ. ಜಾಶ್ ಆ ಮನೆಯಲ್ಲಿ ಹೆಚ್ಚುಕಡಿಮೆ ಭಾವನ ಹಾಗೆಯೇ ಓಡಾಡಿಕೊಂಡಿದ್ದವನು. ಅಂಥವನ ಹೆಸರಿಗೆ ಬರೆದ ಕಾಗದ ಅಕ್ಕನ ಕಣ್ಣಿಗೆ ಬಿದ್ದರೆ? ಪೀಟರ್ ಜೊತೆಗಿನ ನಾಟಕದ ಬೇರು ಅದು. ಲಾರಾ ಜೀನ್ ಕೇಕು, ಬಿಸ್ಕತ್ತು ಬೇಯಿಸುವುದು, ಕಾರು ಓಡಿಸಲು ಹೆದರುವುದು, ಕಿಟ್ಟಿ ಎದುರುತ್ತರ ಕೊಡುವುದು ಇವೆಲ್ಲ ಪ್ರೇಮದ ದೃಶ್ಯಗಳಿಗಿಂತ ಚೆನ್ನಾಗಿವೆ. ಪ್ರೇಮಕ್ಕಾಗಿಯೇ ಓದುವವರಿಗೆ ಇದು ನಿರಾಸೆಯಾಗಬಹುದು, ಹೇಳಿಬಿಡುವುದು ಒಳ್ಳೆಯದು.

ಮೂರನೆಯದು ಸೋರಿಕೆ. ಸ್ಕೂಲಿನ ಸ್ಕೀಯಿಂಗ್ ಪ್ರವಾಸದಲ್ಲಿ ಬಿಸಿನೀರ ತೊಟ್ಟಿಯಲ್ಲಿ ನಡೆದ ಒಂದು ಮುತ್ತು, ಬಾಯಿಂದ ಬಾಯಿಗೆ ಹೋಗುತ್ತ ಬೇರೆಯದೇ ಕಥೆಯಾಗುತ್ತದೆ. ಹೆಸರು ಕೆಡುವುದು ಹುಡುಗಿಯದು; ಹುಡುಗನಿಗೆ ಅದು ಹೆಗ್ಗಳಿಕೆ. ವರ್ಜೀನಿಯಾ ಆಗಲಿ ಹೊಸನಗರ ಆಗಲಿ, ಈ ಗಣಿತ ಬದಲಾಗಿಲ್ಲ. ಇಡೀ ಪುಸ್ತಕದಲ್ಲಿ ಬರಹ ಅತ್ಯಂತ ಚುರುಕಾಗಿರುವುದು ಇಲ್ಲಿ.

ತಕರಾರು. ಕಾಗದ ಅಂಚೆಗೆ ಹಾಕಿದ್ದು ಯಾರು ಎಂಬುದನ್ನು ಕೊನೆಯ ಭಾಗದವರೆಗೆ ಎಳೆದಿದ್ದಾರೆ. ಗಮನವಿಟ್ಟು ಓದುವವರಿಗೆ ಬಹಳ ಮೊದಲೇ ಗೊತ್ತಾಗುತ್ತದೆ. ಜೆನೆವೀವ್ ಬರೀ ಕೆಟ್ಟವಳು, ಅವಳ ಕಡೆಯ ಮಾತಿಗೆ ಜಾಗವೇ ಇಲ್ಲ. ನಡುವೆ ಪಾರ್ಟಿ, ಊಟ, ಮತ್ತೆ ಪಾರ್ಟಿ ಎಂದು ಕಥೆ ಕೂತಲ್ಲೇ ಕೂರುತ್ತದೆ. ಎಲ್ಲಕ್ಕಿಂತ ದೊಡ್ಡದು, ಕಥೆ ಮುಗಿಯುವುದಿಲ್ಲ, ನಿಲ್ಲುತ್ತದೆ. 2018ರ ನೆಟ್‌ಫ್ಲಿಕ್ಸ್ ಸಿನಿಮಾ ಇದನ್ನು ಸರಿಮಾಡಿ ಆಟದ ಮೈದಾನದಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದೆ. ಸಿನಿಮಾ ನೋಡಿ ಪುಸ್ತಕಕ್ಕೆ ಬಂದವರು ಕೊನೆಯ ಪುಟ ಹರಿದುಹೋಗಿದೆಯೇನೋ ಎಂದು ತಡಕಾಡುತ್ತಾರೆ.

ಇಂಗ್ಲಿಷ್ ಸುಲಭ. ಉತ್ತಮ ಪುರುಷದಲ್ಲಿ, ವರ್ತಮಾನ ಕಾಲದಲ್ಲಿ ನಿರೂಪಣೆ, ಅಧ್ಯಾಯಗಳು ಚಿಕ್ಕವು, ಒಟ್ಟು ಸುಮಾರು 350 ಪುಟ. ಕನ್ನಡ ಮಾಧ್ಯಮದಲ್ಲಿ ಓದಿದವರೂ ಹತ್ತಿಪ್ಪತ್ತು ಪುಟ ದಾಟಿದರೆ ಓಟ ಸಿಗುತ್ತದೆ. ಲಕ್ರಾಸ್ ಎಂದರೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ, ಪೀಟರ್ ಅದನ್ನಾಡುತ್ತಾನೆ ಅಷ್ಟು ತಿಳಿದರೆ ಸಾಕು. ಮಕ್ಕಳಿಗೆ ಕೊಡಬಹುದೇ ಎನ್ನುವ ಅಪ್ಪ ಅಮ್ಮಂದಿರಿಗೆ: ಮುತ್ತಿನಾಚೆ ಜೋಡಿ ಹೋಗುವುದಿಲ್ಲ, ಆಚೆಯದರ ಬಗ್ಗೆ ಮಾತು ಮಾತ್ರ ಬರುತ್ತದೆ. ಬಸ್ಸಿನಲ್ಲಿ ಓದಲು ಅಧ್ಯಾಯದ ಅಳತೆ ಹೇಳಿ ಮಾಡಿಸಿದಂತಿದೆ, ಮಂಡಗದ್ದೆಯ ತಿರುವುಗಳಲ್ಲಿ ಮಾತ್ರ ಮುಚ್ಚಿಡಿ.

ಫುಟ್‌ಪಾತಿನ ಅಗ್ಗದ ಪ್ರತಿ ಕೊಳ್ಳುವ ಮೊದಲು ಮೂರು ಕಡೆ ನೋಡಿ: ಬೆನ್ನಿನ ಗೋಂದು, ಪುಟಸಂಖ್ಯೆ ಸರಿಯಾಗಿ ಸಾಗುತ್ತದೆಯೇ, ಹಿಂದಿನ ಪುಟದ ಅಕ್ಷರ ಈಚೆ ಕಾಣುತ್ತದೆಯೇ. ಕಳ್ಳಪ್ರತಿಯ ಗೋಂದು ಮಲೆನಾಡಿನ ಮಳೆಗಾಲದ ತಂಡಿ ತಡೆಯುವುದಿಲ್ಲ. ಕಾಗದ ತೇವ ಹೀರಿ ಉಬ್ಬಿದಾಗ ಬೆನ್ನು ಬಿರಿದು ನಡುವಿನ ಹಾಳೆಗಳು ಕಳಚುತ್ತವೆ, ಕರಾರಿನ ಪುಟವೇ ಇಲ್ಲದಿದ್ದರೆ ಓದಿ ಏನು ಪ್ರಯೋಜನ. ಸರಿಯಾದ ಪ್ರತಿಯನ್ನೂ ಗೋಡೆಗೆ ಒತ್ತಿಡದೆ ನಾಲ್ಕು ಬೆರಳು ಬಿಟ್ಟಿಡಿ, ಬೂಷ್ಟು ಹಿಡಿಯುವುದು ಗೋಡೆ ಕಡೆಯಿಂದ.

ಕಥೆ ಮುಂದುವರಿಯುವ ಎರಡನೇ ಪುಸ್ತಕ 2015ರದು, ಮೂರನೆಯದು 2017ರದು. ಮೊದಲೆರಡನ್ನು ಒಟ್ಟಿಗೇ ತರಿಸಿಕೊಳ್ಳಿ, ಮೂರನೆಯದಕ್ಕೆ ಅವಸರವಿಲ್ಲ.