ಮುಳ್ಳಯ್ಯನಗಿರಿ ದಾರಿಯ ಹೋಂಸ್ಟೇ: ಕೋಶರ್ ಅಡುಗೆ ಹೇಗಿದೆ?

ಕೋಶರ್ ಎಂದರೆ ಯಹೂದಿ ಧರ್ಮದ ಆಹಾರ ನಿಯಮಗಳಿಗೆ ಒಪ್ಪುವ ಊಟ. ಚಿಕ್ಕಮಗಳೂರಿಂದ ಗಿರಿಗೆ ಹೋಗುವ ದಾರಿಯ ಈ ಹೋಂಸ್ಟೇಯಲ್ಲಿ ಯಹೂದಿ ಅತಿಥಿಗಳಿಗೆಂದೇ ಬೇರೆ ಒಲೆ, ಪಾತ್ರೆಗಳಿವೆ. ಹಾಲಿನ ಅಡುಗೆಗೂ ಮಾಂಸದ ಅಡುಗೆಗೂ ಸೌಟು ಸಹ ಪ್ರತ್ಯೇಕ. ಮೆಚ್ಚಬೇಕಾದ್ದೇ.

ಎಡವುವುದು ಒಲೆ ಹಚ್ಚುವಾಗ. ಯಹೂದ್ಯೇತರರೇ ಪೂರ್ತಿ ಬೇಯಿಸಿದ ಮೀನು ಸಾರನ್ನು ಕಟ್ಟುನಿಟ್ಟಿನವರು ಉಣ್ಣುವುದಿಲ್ಲ. ಅಶ್ಕೆನಾಜಿಗಳಾದರೆ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿಗಳು) ಅತಿಥಿಯೇ ಗ್ಯಾಸ್ ಹಚ್ಚಿದರೆ ಸಾಕು. ಸೆಫಾರ್ದಿಗಳಾದರೆ (ಸ್ಪೇನ್, ಪೋರ್ಚುಗಲ್ ಮೂಲದವರು) ಪಾತ್ರೆಯನ್ನೂ ಅವರೇ ಒಲೆಗಿಡಬೇಕು. ಅವಸರದಲ್ಲಿ ಅಡುಗೆಯವರೇ ಎಲ್ಲ ಮಾಡಿದರೆ ಸಾರು ಹಾಗೇ ಉಳಿಯುತ್ತದೆ. ಹಸಿಯಾಗಿ ತಿನ್ನುವ ಬಾಳೆಹಣ್ಣು, ಕ್ಯಾರೆಟ್‌ಗೆ ಈ ತೊಡಕಿಲ್ಲ.

ಸಿಬ್ಬಂದಿ ನೊಂದುಕೊಳ್ಳಬೇಕಿಲ್ಲ. ಇದು ಮಡಿ-ಮೈಲಿಗೆಯಲ್ಲ, ಊಟದ ಸಲುಗೆ ನಂಟಸ್ತನಕ್ಕೆ ತಿರುಗದಿರಲೆಂಬ ಹಳೆಯ ಎಚ್ಚರ. ಯಹೂದಿ ನಂಬಿಕೆಯಲ್ಲಿ ಇತರರಿಗೆ ಕೋಶರ್ ಕಡ್ಡಾಯವೇ ಅಲ್ಲ. ಅವರಿಗಿರುವುದು ನೋಹನ (ಬೈಬಲಿನ ಮಹಾಪ್ರಳಯದಲ್ಲಿ ಉಳಿದವನು) 7 ನಿಯಮಗಳು: ಕೊಲೆ, ಕಳವು ಬೇಡ ಎಂಬಂಥವು. ಅವನ್ನು ಪಾಲಿಸುವ ಸಜ್ಜನರಿಗೂ ಪರಲೋಕದಲ್ಲಿ ಪಾಲುಂಟು. ಒಲೆಯ ಪಕ್ಕ ಇಷ್ಟನ್ನು ಬರೆದು ಅಂಟಿಸಲಿ.