ಡಬ್ಲಿನ್‌ಗೆ ಬಂದ ಗೆಳೆಯರನ್ನು ಬೆಲ್‌ಫಾಸ್ಟ್ ಬಸ್ಸು ಹತ್ತಿಸುವ ಮುನ್ನ

ಡಬ್ಲಿನ್‌ನಲ್ಲಿರುವ ನಮ್ಮವರ ಮನೆಗೆ ಗೆಳೆಯರು ಬಂದರೆ ಮೊದಲು ಹೇಳುವ ಮಾತು, 'ಜೈಂಟ್ಸ್ ಕಾಸ್‌ವೇ ನೋಡ್ಲೇಬೇಕು ಕಣೋ'. ಬೆಳಗ್ಗೆ ಊರಿನ ನಡುವಿನಿಂದ ಹೊರಡುವ ಪ್ರವಾಸದ ಬಸ್ಸು, ಒಂದೇ ದಿನದಲ್ಲಿ ಬೆಲ್‌ಫಾಸ್ಟ್ ಮತ್ತು ಸುಮಾರು 40,000 ಕಲ್ಲುಕಂಬಗಳ ಆ ಕಡಲ ದಂಡೆ, ರಾತ್ರಿ ವಾಪಸ್. ಟಿಕೆಟ್ ತೆಗೆಯುವಾಗ ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ. ಡಂಡಾಕ್ ದಾಟಿ ನ್ಯೂರಿ ಕಡೆಗೆ ಹೋಗುವಾಗ ಗೇಟಾಗಲಿ ಚೌಕಿಯಾಗಲಿ ಕಾಣುವುದಿಲ್ಲ. ವೇಗದ ಫಲಕದ ಮೇಲೆ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ, ಅಷ್ಟೇ.

ಆ ಫಲಕದ ಆಚೆ ಇರುವುದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿನ ನೆಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ಕಾಲಿಡಲು ಬ್ರಿಟನ್ನಿನ ಅನುಮತಿ ಬೇಕು. ಬರೀ ಐರ್ಲೆಂಡ್ ವೀಸಾ ಸಾಲದು.

ಸಿಕ್ಕಿಬೀಳುವುದು ಹೆಚ್ಚಾಗಿ ಮರಳುವಾಗ. ಗಡಿಯ ಈಚೆ ಬಸ್ಸು ನಿಲ್ಲುತ್ತದೆ, ಗಾರ್ಡಾ ಅಂದರೆ ಇಲ್ಲಿನ ಪೊಲೀಸರು ಹತ್ತುತ್ತಾರೆ, ಸೀಟಿನಿಂದ ಸೀಟಿಗೆ ಬಂದು ಪಾಸ್‌ಪೋರ್ಟ್ ಕೇಳುತ್ತಾರೆ. ಗೆಳೆಯನ ವೀಸಾ ಒಂದೇ ಪ್ರವೇಶದ್ದಾಗಿದ್ದರೆ, ಆ ಒಂದು ಪ್ರವೇಶ ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಮುಗಿದಿದೆ. ಬೆಳಗ್ಗೆ ಗಡಿ ದಾಟಿದಾಗ ಅವನು ಐರ್ಲೆಂಡ್ ಬಿಟ್ಟು ಹೋದಂತಾಯಿತು. ಈಗ ಒಳಗೆ ಬರಲು ಕೈಯಲ್ಲಿ ಕಾಗದವಿಲ್ಲ, ಹಿಂದೆ ಬಿಟ್ಟುಬಂದ ನೆಲದಲ್ಲಿ ಇರಲೂ ಹಕ್ಕಿರಲಿಲ್ಲ. ಒಳಗೆ ಬಿಡದಿರುವ ಅಧಿಕಾರ ಆ ಅಧಿಕಾರಿಗಳಿಗಿದೆ. ಒಮ್ಮೆ ಪ್ರವೇಶ ನಿರಾಕರಣೆ ದಾಖಲಾದರೆ ಮುಂದೆ ವೀಸಾ ಅರ್ಜಿಗಳಲ್ಲಿ 'ಎಂದಾದರೂ ಪ್ರವೇಶ ನಿರಾಕರಿಸಿದ್ದಾರೆಯೇ' ಎಂದು ಕೇಳಿದಾಗೆಲ್ಲ 'ಹೌದು' ಎಂದೇ ಬರೆಯಬೇಕು. ಕಲ್ಲುಕಂಬಗಳ ಮೇಲೆ ನಿಂತು ತೆಗೆಸಿಕೊಂಡ ನಾಲ್ಕು ಫೋಟೋಗೆ ಇದು ತೀರಾ ದುಬಾರಿ ಬೆಲೆ.

ತಪಾಸಣೆ ಪ್ರತಿ ಬಸ್ಸಿಗೂ ಇರುವುದಿಲ್ಲ. 'ಹೋದ ವರ್ಷ ನಮ್ಮ ಅತ್ತೆ ಮಾವ ಹೋಗಿ ಬಂದ್ರು, ಏನೂ ಆಗ್ಲಿಲ್ಲ' ಎಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದು ಅದಕ್ಕೇ. ದಯವಿಟ್ಟು ಅದನ್ನು ನಂಬಿ ಯಾರನ್ನೂ ಕಳಿಸಬೇಡಿ. ವೀಸಾ ನೋಡಿಕೊಳ್ಳುವುದು ಪ್ರಯಾಣಿಕರ ಹೊಣೆ ಎಂದು ಪ್ರವಾಸದ ಕಂಪನಿಗಳು ಷರತ್ತುಗಳಲ್ಲೇ ಬರೆದಿರುತ್ತವೆ. ಬಸ್ಸಿನಿಂದ ಇಳಿಸಿದರೆ ಹಣವೂ ವಾಪಸ್ ಬರದು.

ಹಾಗಾದರೆ ಯಾರು ಹೋಗಬಹುದು? ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ಐರ್ಲೆಂಡ್ ವೀಸಾ ಚೀಟಿಯನ್ನು ತೆಗೆದು ನೋಡಿ. ಅದರಲ್ಲಿ 'ಬಿಐವಿಎಸ್' (BIVS) ಎಂಬ ನಾಲ್ಕು ಅಕ್ಷರ ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಬ್ರಿಟನ್ ಮತ್ತು ಐರ್ಲೆಂಡ್ ಎರಡಕ್ಕೂ ಆ ಒಂದೇ ವೀಸಾ ನಡೆಯುತ್ತದೆ. ಷರತ್ತು ಒಂದು: ಐರ್ಲೆಂಡ್ ಕೊಟ್ಟ ವೀಸಾ ಆದರೆ ಮೊದಲು ಐರ್ಲೆಂಡಿನಲ್ಲೇ ಇಳಿಯಬೇಕು, ಬ್ರಿಟನ್ ಕೊಟ್ಟದ್ದಾದರೆ ಮೊದಲು ಬ್ರಿಟನ್ನಿನಲ್ಲಿ. ಈ ವ್ಯವಸ್ಥೆ ಭಾರತದೊಳಗೆ ಅರ್ಜಿ ಹಾಕುವ ಭಾರತೀಯರಿಗೆ 2015ರಿಂದ ಇದೆ. 'ಭಾರತದೊಳಗೆ' ಎಂಬ ಮಾತನ್ನು ಗಮನಿಸಿ. ಬೆಂಗಳೂರಿನಿಂದ ಬರುವ ಗೆಳೆಯನ ವೀಸಾದಲ್ಲಿ ಆ ಅಕ್ಷರಗಳಿದ್ದು, ಫ್ರಾಂಕ್‌ಫರ್ಟಿನಲ್ಲಿ ಕೆಲಸ ಮಾಡುತ್ತಾ ಅಲ್ಲಿಂದಲೇ ಅರ್ಜಿ ಹಾಕಿದ ಗೆಳತಿಯ ವೀಸಾದಲ್ಲಿ ಇಲ್ಲದಿರುವುದು ಇದೇ ಕಾರಣಕ್ಕೆ. ಇಬ್ಬರದೂ ಒಂದೇ ಬಣ್ಣದ ಪಾಸ್‌ಪೋರ್ಟ್, ಒಂದೇ ಬಸ್ಸು. ಅಂದಹಾಗೆ ಆ ಗೆಳತಿಯ ಹತ್ತಿರ ಇರುವ ಷೆಂಗೆನ್ ವೀಸಾ ಅಥವಾ ಜರ್ಮನಿಯ ವಾಸದ ಕಾರ್ಡು ಐರ್ಲೆಂಡಿಗೇ ನಡೆಯುವುದಿಲ್ಲ. ಒಂದೇ ವೀಸಾ ನಡೆಯುವ ಯೂರೋಪಿನ ಷೆಂಗೆನ್ ದೇಶಗಳ ಗುಂಪಿನಲ್ಲಿ ಐರ್ಲೆಂಡ್ ಇಲ್ಲ. ಐರ್ಲೆಂಡ್ ವೀಸಾಕ್ಕೆ ಪ್ರಯಾಣದ ಮೂರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಆಗಲೇ ಹಾಕಿಸಿ.

ಇಲ್ಲಿ ನೆಲೆಸಿದವರೇ ಹೆಚ್ಚಾಗಿ ಎಡವುತ್ತಾರೆ. ಐರಿಷ್ ಪೌರತ್ವ ಪಡೆದವರು ಬೆಲ್‌ಫಾಸ್ಟಿಗೆ ತಿಂಡಿಗೆ ಹೋದಷ್ಟು ಸಲೀಸಾಗಿ ಹೋಗಿಬರುತ್ತಾರೆ, ಪಕ್ಕದ ಸೀಟಿನವರಿಗೂ ಅದೇ ನಿಯಮ ಎಂದುಕೊಳ್ಳುತ್ತಾರೆ. ಇನ್ನು ಕೆಲಸದ ಪರವಾನಗಿಯ ಮೇಲೆ ಇರುವವರು ಜೇಬಿನಲ್ಲಿರುವ ಐಆರ್‌ಪಿ ಕಾರ್ಡು, ಅಂದರೆ ಐರ್ಲೆಂಡಿನ ವಾಸದ ಕಾರ್ಡು, ಸಾಕು ಅಂದುಕೊಂಡಿರುತ್ತಾರೆ. ಸಾಲದು. ಭಾರತದ ಪಾಸ್‌ಪೋರ್ಟ್ ಇರುವ ತನಕ, ಡಬ್ಲಿನ್‌ನಲ್ಲಿ ನಾಲ್ಕು ವರ್ಷ ಇದ್ದವರಿಗೂ ಉತ್ತರಕ್ಕೆ ಹೋಗಲು ಬ್ರಿಟನ್ ವೀಸಾ ಬೇಕು. ಅತಿಥಿಯ ಬಿಐವಿಎಸ್ ಸರಿಯಾಗಿದ್ದು, ಊರು ತೋರಿಸಲು ಹೊರಟವನ ಕಾಗದವೇ ಸರಿಯಿಲ್ಲದ ಪೇಚೂ ಉಂಟು.

ಭಾರತದಿಂದ ಡಬ್ಲಿನ್‌ಗೆ ನೇರ ವಿಮಾನವಿಲ್ಲ. ಲಂಡನ್ ದಾರಿ ಅಗ್ಗವಾಗಿ ಕಂಡರೂ ಬ್ರಿಟನ್ ವೀಸಾ ಇಲ್ಲದವರಿಗೆ ಬೇಡ. ದುಬೈ, ಅಬುಧಾಬಿ, ದೋಹಾ ಮೇಲಿಂದ ಬರಲು ಹೇಳಿ.

ಗಡಿ ದಾಟದೆಯೇ ಒಂದು ದಿನ ತುಂಬುವ ಜಾಗಗಳಿಗೆ ಕೊರತೆಯಿಲ್ಲ. ನ್ಯೂಗ್ರೇಂಜ್ ಬೆಲ್‌ಫಾಸ್ಟ್ ದಿಕ್ಕಿನಲ್ಲೇ ಇದೆ, ಆದರೆ ಐರ್ಲೆಂಡಿನ ಒಳಗೆ. ಕ್ರಿಸ್ತಪೂರ್ವ 3200ರ ಸುಮಾರಿನ ಸಮಾಧಿ ದಿಬ್ಬ, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದು. ನೇರವಾಗಿ ಕಾರು ತೆಗೆದುಕೊಂಡು ದಿಬ್ಬದ ಬಾಗಿಲಿಗೆ ಹೋಗಲಾಗದು. ಬ್ರೂ ನ ಬೋನ್ಯ ಸಂದರ್ಶಕರ ಕೇಂದ್ರದಿಂದ ಅವರದೇ ಬಸ್ಸಿನಲ್ಲಿ ಹೋಗಬೇಕು, ಒಳಗೋಣೆಗೆ ಹೋಗುವವರಿಗೆ ಜಾಗ ಕಡಿಮೆ. ಆದ್ದರಿಂದ ಮುಂಗಡ ಟಿಕೆಟ್ ಬೇಕೇ ಬೇಕು. ಕ್ಲಿಫ್ಸ್ ಆಫ್ ಮೋಹರ್ ಬಗ್ಗೆ ಮಾತ್ರ ಯೋಚಿಸಿ. 214 ಮೀಟರ್ ಎತ್ತರದ ಆ ಬಂಡೆಸಾಲು ನಿಜಕ್ಕೂ ಅದ್ಭುತ, ಆದರೆ ಡಬ್ಲಿನ್‌ನಿಂದ ಹೋಗಲು ಮೂರು ಗಂಟೆಗೂ ಹೆಚ್ಚು, ಬರಲೂ ಅಷ್ಟೇ. ಅಲ್ಲಿ ಸಿಗುವುದು ಎರಡು ಗಂಟೆಯೊಳಗೆ, ಮಂಜು ಕವಿದರೆ ಅದೂ ಇಲ್ಲ. ಎರಡೇ ದಿನ ಇರುವವರಿಗೆ ಡಾರ್ಟ್ ರೈಲಿನಲ್ಲಿ ಅರ್ಧ ಗಂಟೆಯ ಹೌತ್ ಸಾಕು. ನಿಲ್ದಾಣದಿಂದಲೇ ಶುರುವಾಗುವ ಸುಮಾರು ಆರು ಕಿಲೋಮೀಟರ್ ಬಂಡೆಯಂಚಿನ ದಾರಿ, ಎರಡು ಗಂಟೆ ನಡಿಗೆ. ಹಿಂದೆ ನೀವು ನಡೆದಿದ್ದ ಬ್ರೇ–ಗ್ರೇಸ್ಟೋನ್ಸ್ ದಾರಿಯನ್ನು ನೆನಪಿನ ಮೇಲೆ ಸೂಚಿಸಬೇಡಿ. 2021ರಲ್ಲಿ ಗುಡ್ಡ ಕುಸಿದು ಅದನ್ನು ಮುಚ್ಚಿದರು. ಹೊರಡುವ ಮೊದಲು ಕೌಂಟಿ ಕೌನ್ಸಿಲ್ ಏನು ಹೇಳುತ್ತದೆ ನೋಡಿಕೊಳ್ಳಿ.

ಊರೊಳಗೂ ಹಳೆಯ ನೆನಪು ಕೈಕೊಡುತ್ತದೆ. ಟ್ರಿನಿಟಿ ಕಾಲೇಜಿನ ಹಳೆಯ ಗ್ರಂಥಾಲಯದ ಲಾಂಗ್ ರೂಮ್ ಎಂದರೆ ಎಲ್ಲರ ಕಣ್ಣಿಗೂ ಬರುವುದು ಚಾವಣಿ ಮುಟ್ಟುವ ಪುಸ್ತಕದ ಸಾಲು. ಕಟ್ಟಡದ ದುರಸ್ತಿಗಾಗಿ ಸುಮಾರು ಎರಡು ಲಕ್ಷ ಪುಸ್ತಕಗಳನ್ನು ಅಲ್ಲಿಂದ ಸಾಗಿಸಿದ್ದಾರೆ. ಬುಕ್ ಆಫ್ ಕೆಲ್ಸ್ ಎಂಬ ಪುರಾತನ ಕೈಬರಹದ ಪುಸ್ತಕ ಕೂಡ ಗಾಜಿನೊಳಗೆ ಬಿಚ್ಚಿಟ್ಟಷ್ಟೇ ಪುಟ ಕಾಣುವುದು. ಇದನ್ನು ಟಿಕೆಟ್ ತೆಗೆಯುವ ಮೊದಲೇ ಗೆಳೆಯನಿಗೆ ಹೇಳಿ, ಆಮೇಲೆ ಬೇಸರವಾಗದು. ಅದೇ ಹೊತ್ತನ್ನು ಡಬ್ಲಿನ್ ಕೋಟೆಯ ಆವರಣದಲ್ಲಿರುವ ಚೆಸ್ಟರ್ ಬೀಟಿ ಸಂಗ್ರಹಾಲಯಕ್ಕೆ ಕೊಟ್ಟರೆ ಮೊಘಲರ ಕಾಲದ ಚಿತ್ರಗಳ ದೊಡ್ಡ ಸಂಗ್ರಹ ಇರುವ ಜಾಗ ನೋಡಿದಂತಾಗುತ್ತದೆ, ಪ್ರವೇಶ ಉಚಿತ. ಚಳಿಗಾಲದ ಸೋಮವಾರ ಅದು ಮುಚ್ಚಿರುತ್ತದೆ. ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಉಚಿತ, ಆದರೆ ಭಾನುವಾರ, ಸೋಮವಾರ ತೆರೆಯುವುದು ಮಧ್ಯಾಹ್ನ ಒಂದಕ್ಕೆ.

ಕಿಲ್ಮೇನಮ್ ಜೈಲನ್ನು ತಪ್ಪಿಸಬೇಡಿ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ದಂಗೆಯ 14 ನಾಯಕರನ್ನು ಗುಂಡಿಟ್ಟು ಕೊಂದ ಅಂಗಳ ಅದು. ಅವರಲ್ಲೊಬ್ಬನಾದ ಜೋಸೆಫ್ ಪ್ಲಂಕೆಟ್ ಸಾಯುವ ಕೆಲವೇ ಗಂಟೆ ಮೊದಲು ಗ್ರೇಸ್ ಗಿಫರ್ಡ್‌ಳನ್ನು ಮದುವೆಯಾದ ಪ್ರಾರ್ಥನಾ ಮಂದಿರವೂ ಅಲ್ಲೇ ಇದೆ. ಮಾರ್ಗದರ್ಶಿಯ ಜೊತೆಗಲ್ಲದೆ ಒಳಗೆ ಬಿಡುವುದಿಲ್ಲ. ಟಿಕೆಟ್ 28 ದಿನ ಮೊದಲು ಆನ್‌ಲೈನಿನಲ್ಲಿ ಬಿಡುತ್ತಾರೆ, ಬೇಸಿಗೆಯಲ್ಲಿ ಬೇಗ ಖಾಲಿ. ತಪ್ಪಿಹೋದರೆ ಬೆಳಗ್ಗೆ ಒಂಬತ್ತರಿಂದ ಅದೇ ಜಾಲತಾಣ ನೋಡುತ್ತಿರಿ, ರದ್ದಾದ ಕೆಲವು ಅಂದಿಗೇ ಸಿಗುತ್ತವೆ. ಬಾಗಿಲಿಗೆ ಹೋಗಿ ಕೇಳಿದರೆ ಪ್ರಯೋಜನವಿಲ್ಲ.

ಓಡಾಟಕ್ಕೆ ಗೆಳೆಯನ ಕೈಗೆ ಅವನದೇ ಲೀಪ್ ಕಾರ್ಡು, ಅಂದರೆ ಬಸ್ಸು, ಟ್ರಾಮು, ರೈಲಿಗೆ ತಟ್ಟುವ ಪ್ರಯಾಣದ ಕಾರ್ಡು, ಕೊಡಿಸಿ. ನಿಮ್ಮ ಒಂದೇ ಕಾರ್ಡನ್ನು ಲೂವಸ್ ಟ್ರಾಮಿನ ಯಂತ್ರಕ್ಕೆ ಎರಡು ಸಲ ತಟ್ಟಿದರೆ ಇಬ್ಬರ ಟಿಕೆಟ್ ಆಗುವುದಿಲ್ಲ, ತಪಾಸಣೆಗೆ ಬಂದರೆ ಒಬ್ಬರಿಗೆ ದಂಡ ಖಚಿತ. ಬಸ್ಸಿನಲ್ಲಿ ಬಲಗಡೆಯ ಯಂತ್ರಕ್ಕೆ ತಟ್ಟಬೇಕು. ಆಮೇಲೆ 90 ನಿಮಿಷದೊಳಗೆ ಬಸ್ಸು, ಲೂವಸ್, ಡಾರ್ಟ್ ಯಾವುದಕ್ಕೆ ಬದಲಿಸಿದರೂ ಸೇರಿ 2 ಯೂರೊ. ನಗದು ಕೊಡುವುದಾದರೆ ನಾಣ್ಯಗಳೇ ಬೇಕು. ಚಾಲಕ ನೋಟು ಮುಟ್ಟುವುದಿಲ್ಲ, ಚಿಲ್ಲರೆ ಹಿಂದಿರುಗಿಸುವುದೂ ಇಲ್ಲ.

ಸಸ್ಯಾಹಾರಿಗಳನ್ನು ಪಬ್‌ಗೆ ಕರೆದೊಯ್ದರೆ ತರಕಾರಿ ಸೂಪಿನ ಸಾರು ಯಾವುದರದ್ದು ಎಂದು ಮೊದಲೇ ಕೇಳಿ, ಕೋಳಿಯದ್ದಾಗಿರಬಹುದು. ಚಿಪ್ಸ್ ಕರಿದ ಎಣ್ಣೆಯಲ್ಲೇ ಮೀನನ್ನೂ ಕರಿದಿರುತ್ತಾರೆ. ಅನೇಕ ಕಡೆ ಅಡುಗೆಮನೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಜೂನ್‌ನಲ್ಲಿ ಹತ್ತು ಗಂಟೆಯ ತನಕ ಬೆಳಕಿರುವುದರಿಂದ ಊಟದ ಹೊತ್ತು ದಾಟಿದ್ದೇ ತಿಳಿಯುವುದಿಲ್ಲ.

ಕ್ರಿಸ್‌ಮಸ್ ರಜೆಗೆ ಬರುವವರ ಟಿಕೆಟ್ ಡಿಸೆಂಬರ್ 24ಕ್ಕೆ ಇದ್ದರೆ ಬದಲಿಸಲು ಹೇಳಿ. ವಿಮಾನ ತಪ್ಪಿದರೆ ಮರುದಿನ ಡಬ್ಲಿನ್ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ, ಬಸ್ಸು, ರೈಲು, ಟ್ರಾಮುಗಳೂ ಓಡುವುದಿಲ್ಲ.