ಕಾಲಿಗೆ ಹೊರಗಿನಿಂದ ಹಾಕುವ ರಾಡು, ರಿಂಗು: ಎರಡನ್ನೂ ಹೊತ್ತವನ ಅನುಭವ

ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಮುರಿದು ಚರ್ಮ ಸೀಳಿದ್ದರೆ, ಸೋಂಕಿನ ಭಯಕ್ಕೆ ಎಷ್ಟೋ ಸಲ ಡಾಕ್ಟರು ತಕ್ಷಣ ಒಳಗೆ ಪ್ಲೇಟು ಹಾಕುವುದಿಲ್ಲ. ನನಗೂ ಹಾಗೇ ಆಯಿತು. ಮೊದಲು ಒಂದೇ ಬದಿಯ ರಾಡು ಹಾಕಿದರು, ಆಮೇಲೆ ಕಾಲಿನ ಸುತ್ತ ಕೂರುವ ಇಲಿಜರೋವ್ ರಿಂಗು.

ರಾಡಿನ ಜೊತೆ ಬದುಕುವುದು ಸುಲಭ. ಸುಮಾರು 5 ಮಿ.ಮೀ. ದಪ್ಪದ ಪಿನ್ನುಗಳನ್ನು ಮೂಳೆಗೆ ತಿರುಪಿ, ಹೊರಗೆ ಕ್ಲಾಂಪಿನಿಂದ ರಾಡಿಗೆ ಬಿಗಿಯುತ್ತಾರೆ. ಕಾಲಿನ ಮುಂದೆ, ಒಳಬದಿಯಲ್ಲಿ ಮೂಳೆಯ ಮೇಲೆ ಇರುವುದು ಹೆಚ್ಚಾಗಿ ಬರೀ ಚರ್ಮ. ಪಿನ್ನು ಅಲ್ಲೇ ಇಳಿಯುವುದರಿಂದ ಪಾದ ಆಡಿಸಿದರೂ ಎಳೆತ ಕಮ್ಮಿ. ಡ್ರೆಸ್ಸಿಂಗೂ ಸಲೀಸು. ಆದರೆ ಹಿಡಿತ ಒಂದೇ ಕಡೆ, ಅಲ್ವಾ? ನನಗೆ ಆ ಕಾಲಿನ ಮೇಲೆ ಭಾರ ಹಾಕಲು ಬಿಡಲೇ ಇಲ್ಲ. ಮೀನಖಂಡ ಸೊರಗಿಹೋಯಿತು.

ರಿಂಗಿನಲ್ಲಿ ಲೆಕ್ಕವೇ ಬೇರೆ. ಸೈಬೀರಿಯಾದ ಕುರ್ಗಾನ್‌ನಲ್ಲಿ 1950ರ ದಶಕದಲ್ಲಿ ಗವ್ರಿಲ್ ಇಲಿಜರೋವ್ ಎಂಬ ಡಾಕ್ಟರು ರೂಪಿಸಿದ್ದು ಇದು. 1.5ರಿಂದ 1.8 ಮಿ.ಮೀ. ತಂತಿಗಳು ಮೂಳೆಯನ್ನು ಅಡ್ಡಡ್ಡ ದಾಟುತ್ತವೆ. ಅವನ್ನು ಸೈಕಲ್ ಚಕ್ರದ ಕಡ್ಡಿಯ ಹಾಗೆ ಎಳೆದು ರಿಂಗಿಗೆ ಬಿಗಿಯುತ್ತಾರೆ. ಭಾರ ಹಾಕಿದಾಗ ಮುರಿದ ಜಾಗ ಮೇಲೆ ಕೆಳಗೆ ಒಂಚೂರು ಅದುಮುತ್ತದೆ. ಪಕ್ಕಕ್ಕೆ ಅಷ್ಟಾಗಿ ಜರುಗುವುದಿಲ್ಲ. ಆ ಚೂರು ಅದುಮು ಮೂಳೆ ಕೂಡಲು ಒಳ್ಳೆಯದೇ. ವಾಕರ್ ಹಿಡಿದು ಬೇಗನೇ ಕಾಲೂರಿದೆ. ನನ್ನ ಮಟ್ಟಿಗೆ ಉಳಿದ ರಗಳೆಯೆಲ್ಲ ಈ ಒಂದಕ್ಕೆ ಮಾಫಿ.

ರಗಳೆ ಜಾಸ್ತಿಯೇ ಇದೆ. ತಂತಿ ಮಾಂಸದ ಮೂಲಕ ಹೋಗುವುದರಿಂದ ಪಾದ ಎತ್ತಿದರೆ ಒಳಗೆ ಚುರುಕ್ ಅನ್ನುತ್ತದೆ. ಮಗ್ಗುಲು ಬದಲಿಸಿದರೆ ರಿಂಗು ಇನ್ನೊಂದು ಕಾಲಿಗೆ ತಗಲುತ್ತದೆ. ಪ್ಯಾಂಟಿನ ಹೊಲಿಗೆ ಬಿಚ್ಚಿ ವೆಲ್ಕ್ರೋ ಹಚ್ಚಿಸಿಕೊಳ್ಳಿ, ಬೇರೆ ದಾರಿಯಿಲ್ಲ.

ತೂತಿನ ಆರೈಕೆ ಎರಡಕ್ಕೂ ಬೇಕು. ನಾನಿದ್ದ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟು ಕಳಿಸಿದರು, ಅಷ್ಟೇ. ಮಾಡಿ ತೋರಿಸಲಿಲ್ಲ. ಪಿನ್ನಿನ ಬುಡದಲ್ಲಿ ತಿಳಿನೀರು ಜಿನುಗಿ ಒಣಗಿದರೆ ಗಾಬರಿ ಬೇಡ. ಕೆಂಪಾಗಿ, ಬಿಸಿಯಾಗಿ, ಕೀವು ಬಂದರೆ ಅಥವಾ ಪಿನ್ನು ಅಲ್ಲಾಡಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸಿಗರೇಟು ಸೇದುವವರಿಗೆ ಮೂಳೆ ಕೂಡುವುದು ತಡ, ಇದು ಸುಮ್ನೆ ಹೆದರಿಸುವ ಮಾತಲ್ಲ.

ರಿಂಗುಗಳ ನಡುವೆ ಆರು ಸ್ಟ್ರಟ್ (ಉದ್ದ ಹೆಚ್ಚುಕಮ್ಮಿ ಮಾಡಬಲ್ಲ ಕಂಬಿ) ಇರುವ ಫ್ರೇಮನ್ನು ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರಿಗೆ ಹಾಕಿದ್ದರು. ಕಂಪ್ಯೂಟರ್ ಕೊಟ್ಟ ಪಟ್ಟಿಯಂತೆ ದಿನಾ ತಿರುಗಿಸಿ ಮೂಳೆಯ ಸೊಟ್ಟ ಸರಿಮಾಡುವ ಏರ್ಪಾಡು ಅದು. ನಾನು ಬಳಸಿಲ್ಲ, ಅಂಕ ಕೊಡುವುದಿಲ್ಲ.

ರಾಡಿಗೆ 5ಕ್ಕೆ 3, ರಿಂಗಿಗೆ 4. ರಿಂಗು ಬಿಚ್ಚಿದ ಮೇಲೂ ಮೂಳೆಯ ತೂತುಗಳು ತುಂಬುವವರೆಗೆ ಓಟ, ಜಿಗಿತ ಬೇಡ ಎಂದಿದ್ದಾರೆ.